ಮುಂಬೈ ಸುತ್ತಿನ ಕಲ್ಲಿನ ಗುಹೆಗಳನ್ನು ನೋಡುವುದು ಹೇಗೆ: ಮೊದಲು ನೀರು, ಆಮೇಲೆ ದೇವರು

ಸೋಮವಾರ ಹೋಗಬೇಡಿ. ಉಳಿದದ್ದೆಲ್ಲ ಆಮೇಲೆ.

ನಾನು ಹೋಗಿದ್ದೆ. ಶಿರಸಿ ಕಡೆಯಿಂದ ದೊಡ್ಡಪ್ಪ ಬಂದಿದ್ದರು. ಡೊಂಬಿವಲಿಯಿಂದ ಅವರನ್ನು ಕರೆದುಕೊಂಡು, ದಾದರಿನಲ್ಲಿ ಲೈನ್ ಬದಲಿಸಿ, ಆ ಸೇತುವೆಯ ಜನಜಂಗುಳಿಯಲ್ಲಿ ಅವರ ಪಂಚೆಯನ್ನೂ ಅವರನ್ನೂ ಒಟ್ಟಿಗೆ ಕಾಪಾಡಿಕೊಂಡು ಬೊರಿವಲಿ ಪಾರ್ಕಿನ ಮುಂದೆ ನಿಂತರೆ ಗೇಟು ಹಾಕಿದೆ. "ಎಂತ ಮಾಣಿ, ಬಾಗಿಲು ಹಾಕಿದ್ದಲಾ" ಎಂದರು. ವಾಪಸ್ ಬರುವಾಗ ಮಾಟುಂಗಾದಲ್ಲಿ ಇಳಿಸಿ ದೋಸೆ ತಿನ್ನಿಸಿ ಸಮಾಧಾನ ಮಾಡಬೇಕಾಯಿತು. ಆ ಪಾರ್ಕಿನೊಳಗಿನ ಕನ್ಹೇರಿ ಗುಹೆಗಳಿಗೂ ದ್ವೀಪದಲ್ಲಿರುವ ಎಲಿಫೆಂಟಾ ಗುಹೆಗಳಿಗೂ ಸೋಮವಾರ ರಜೆ. ಲೋನಾವಳಾ ಕಡೆಯ ಕಾರ್ಲಾ, ಭಾಜಾ ಗುಹೆಗಳಿಗೆ ಈ ತೊಂದರೆ ಇಲ್ಲ.

ಮುಂಬೈಯಲ್ಲಿರುವ ನಮ್ಮ ಜನರ ಮನೆಗೆ ಊರಿಂದ ಯಾರಾದರೂ ಬಂದರೆ ತೋರಿಸುವುದು ಅದೇ ನಾಲ್ಕು ಜಾಗ: ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಗೇಟ್‌ವೇ, ಚೌಪಾಟಿ. ತಪ್ಪೇನಿಲ್ಲ. ಆದರೆ ಒಂದೂವರೆ ಎರಡು ಸಾವಿರ ವರ್ಷ ಹಳೆಯ ಗುಹೆಗಳ ಬೆಟ್ಟಗಳು ಲೋಕಲ್ ರೈಲಿನ ದೂರದಲ್ಲೇ ಇವೆ, ಅದೂ ಕರ್ನಾಟಕದ ಹೆಸರನ್ನು ಮೈಮೇಲೆ ಬರೆಸಿಕೊಂಡು. ನೋಡಿ ಬಂದವರು ಮಾತ್ರ ಸಾಮಾನ್ಯವಾಗಿ "ಎಲ್ಲಾ ಗುಹೆ ಒಂದೇ ಥರ ಇದೆ ಕಣ್ರೀ" ಅನ್ನುತ್ತಾರೆ. ಹಾಗೆ ಅನ್ನಿಸುವುದಕ್ಕೆ ಕಾರಣ ಇದೆ. ಒಳಗೆ ಹೋದ ತಕ್ಷಣ ಮೂರ್ತಿ ಎಲ್ಲಿದೆ ಎಂದು ಹುಡುಕುತ್ತೇವೆ, ಒಂದು ಫೋಟೋ ತೆಗೆಯುತ್ತೇವೆ, ಮುಂದಿನ ಗುಹೆಗೆ ಓಡುತ್ತೇವೆ. ನನ್ನ ಕ್ರಮ ಬೇರೆ. ಮೊದಲು ನೀರು ಎಲ್ಲಿತ್ತು ನೋಡಿ. ಆಮೇಲೆ ಮಲಗುವ ಜಾಗ. ಆಮೇಲೆ ಪ್ರಾರ್ಥನೆಯ ಜಾಗ. ಕೊನೆಗೆ ದುಡ್ಡು ಕೊಟ್ಟವರ ಹೆಸರು. ಈ ಕ್ರಮದಲ್ಲಿ ನೋಡಿದರೆ ಆ ಕಲ್ಲು ಯಾರೋ ಬದುಕಿದ್ದ ಮನೆಯಾಗಿ ಕಾಣುತ್ತದೆ.

ಹೊರಡುವ ಮುಂಚೆ

ಒಂದು ದಿನಕ್ಕೆ ಒಂದು ಬೆಟ್ಟ. ಬೆಳಿಗ್ಗೆ ಕನ್ಹೇರಿ ಮುಗಿಸಿ ಮಧ್ಯಾಹ್ನ ಎಲಿಫೆಂಟಾ ದೋಣಿ ಹಿಡಿಯುವ ಪ್ಲಾನ್ ಮಾಡಿದವರನ್ನು ನೋಡಿದ್ದೇನೆ, ಅವರು ನೋಡಿದ್ದು ಮುಖ್ಯವಾಗಿ ಟ್ರಾಫಿಕ್ಕು.

ಋತು ಹೇಳುವುದಾದರೆ ನವೆಂಬರಿನಿಂದ ಫೆಬ್ರವರಿ ಆರಾಮ. ಮಳೆಗಾಲದಲ್ಲಿ ಕನ್ಹೇರಿಗೂ ಭಾಜಾಕ್ಕೂ ಹೋಗಲೇಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ, ಆದರೆ ಕಾಲಿಗೆ ಒಳ್ಳೆ ಹಿಡಿತದ ಶೂ ಇರಲಿ, ಪಾಚಿ ಕಟ್ಟಿದ ಕಲ್ಲಿನ ಮೆಟ್ಟಿಲು ಯಾರ ಮುಲಾಜೂ ನೋಡುವುದಿಲ್ಲ. ಎಲಿಫೆಂಟಾ ಮಾತ್ರ ಜೋರು ಮಳೆಯಲ್ಲಿ ಬೇಡ. ಸಮುದ್ರ ಕೆಟ್ಟರೆ ದೋಣಿ ನಿಲ್ಲಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕರಿಕಲ್ಲು ಕಾದ ಕಾವಲಿ.

ಭಾನುವಾರ ಹೋಗುವುದಾದರೆ ಹಿಂದಿನ ರಾತ್ರಿಯೇ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು, ಯಾವ ಲೈನಿಗೆ ಇದೆ ನೋಡಿಕೊಳ್ಳಿ. ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ ಎಲಿಫೆಂಟಾದಲ್ಲಿ 40 ರೂಪಾಯಿ, ಕನ್ಹೇರಿ, ಕಾರ್ಲಾ, ಭಾಜಾದಲ್ಲಿ 25. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಫೋನಿನಲ್ಲೇ ತೆಗೆಯಬಹುದು, ಆದರೆ ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮನೆಯಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಚೀಲದಲ್ಲಿ ಇಷ್ಟು ಸಾಕು: ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಒಂದು ಟಾರ್ಚ್, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಬುತ್ತಿ. ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಅದನ್ನು ಕಂಡರೆ ಮಂಗ ನಿಮ್ಮ ಸಂಸಾರದ ಸದಸ್ಯ ಆಗಿಬಿಡುತ್ತದೆ.

ಮೊಬೈಲಿನ ಬೆಳಕು ಸಾಕಲ್ವಾ, ಟಾರ್ಚ್ ಯಾಕೆ ಅಂದರೆ, ಶಾಸನ ಓದಲಿಕ್ಕೆ. ಗೋಡೆಗೆ ನೇರವಾಗಿ ಬೆಳಕು ಬಿಟ್ಟರೆ ಅಕ್ಷರ ಮಾಯ, ಬರೀ ಬೂದು ಕಲ್ಲು. ಟಾರ್ಚನ್ನು ಗೋಡೆಯ ಪಕ್ಕಕ್ಕೆ ತಂದು, ಗೋಡೆಯನ್ನು ಸವರಿಕೊಂಡು ಹೋಗುವ ಹಾಗೆ ಅಡ್ಡಕ್ಕೆ ಬೆಳಕು ಬಿಡಿ. ಒಂದೊಂದು ಗೀರಿಗೂ ನೆರಳು ಬಿದ್ದು ಅಕ್ಷರಗಳು ಎದ್ದು ಬರುತ್ತವೆ. ಕೈಯಿಂದ ಮುಟ್ಟುವುದು, ಸೀಮೆಸುಣ್ಣ ತುಂಬುವುದು ಬೇಡ.

ಕನ್ಹೇರಿ: ಶುರು ಇಲ್ಲಿಂದಲೇ ಮಾಡಿ

ಬೊರಿವಲಿ ಪೂರ್ವಕ್ಕೆ ಇಳಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿಗೆ ನಡೆದೇ ಹೋಗಬಹುದು. ಪಾರ್ಕಿನ ಟಿಕೆಟ್ ಬೇರೆ, ಗುಹೆಯ ಟಿಕೆಟ್ ಬೇರೆ, ಇದು ಗೊತ್ತಿಲ್ಲದೆ ಮೇಲೆ ಹೋಗಿ ಜಗಳ ಮಾಡುವವರು ಪ್ರತಿ ಸಲ ಸಿಗುತ್ತಾರೆ. ಗೇಟಿನಿಂದ ಗುಹೆಗೆ ಸುಮಾರು 6 ಕಿಲೋಮೀಟರ್. ಒಳಗೆ ಬಸ್ಸಿದೆ, ಬಾಡಿಗೆ ಸೈಕಲ್ಲೂ ಸಿಗುತ್ತದೆ. ಸೈಕಲ್ ತಗೊಳ್ಳುವ ಉತ್ಸಾಹ ಇದ್ದರೆ ಕೊನೆಯ ಏರು ನೆನಪಿರಲಿ. ಬೆಳಿಗ್ಗೆ ಬೇಗ ಹೋಗಿ, ಸಂಜೆ ಐದಕ್ಕೆ ಮುಚ್ಚುತ್ತಾರೆ.

ನೂರಕ್ಕೂ ಜಾಸ್ತಿ ಗುಹೆಗಳಿವೆ. ಎಲ್ಲ ನೋಡುವ ಹಟ ಬೇಡ. ಕನ್ಹೇರಿ ಅನ್ನುವ ಹೆಸರು ಕೃಷ್ಣಗಿರಿಯಿಂದ ಬಂದದ್ದು, ಅಂದರೆ ಕರಿ ಬೆಟ್ಟ. ಕ್ರಿಸ್ತಪೂರ್ವ ಒಂದನೇ ಶತಮಾನದ ಹೊತ್ತಿಗೆ ಶುರುವಾಗಿ ಸುಮಾರು ಸಾವಿರ ವರ್ಷ ಇಲ್ಲಿ ಭಿಕ್ಷುಗಳು ಇದ್ದರು. ಇಷ್ಟು ದಿನ ಇದ್ದದ್ದು ಹೇಗೆ? ಅದಕ್ಕೇ ಮೊದಲು ನೀರು ನೋಡಿ ಅಂದದ್ದು.

ಟಿಕೆಟ್ ತೋರಿಸಿ ಒಳಗೆ ಬಂದ ಮೇಲೆ ದೊಡ್ಡ ಬುದ್ಧನ ಕಡೆ ಓಡಬೇಡಿ. ಯಾವುದಾದರೂ ಸಣ್ಣ ಗುಹೆಯ ಅಂಗಳದಲ್ಲಿ ನಿಲ್ಲಿ. ಬಾಗಿಲ ಪಕ್ಕದಲ್ಲಿ ನೆಲಕ್ಕೆ ಒಂದು ಚೌಕ ಬಾಯಿ ಕಾಣುತ್ತದೆ. ಬಗ್ಗಿ ನೋಡಿದರೆ ಒಳಗೆ ಕತ್ತಲು, ಕೆಳಗೆ ನೀರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಶಾಸನಗಳು ಇದನ್ನು ಪೋಢಿ ಅನ್ನುತ್ತವೆ. ಈಗ ತಲೆ ಎತ್ತಿ ಗುಹೆಯ ಹಣೆಯ ಮೇಲಿನ ಬಂಡೆ ನೋಡಿ. ಬೆರಳಗಲದಿಂದ ಗೇಣಗಲದ ತನಕ ಗೀರಿದ ಕಾಲುವೆಗಳು ಓರೆಯಾಗಿ ಇಳಿದು ಬರುತ್ತವೆ. ಮಳೆ ನೀರು ಬಾಗಿಲಿಗೆ ಸುರಿಯದೆ ಪಕ್ಕಕ್ಕೆ ಸರಿದು ತೊಟ್ಟಿಗೆ ಬೀಳಬೇಕು, ಅದು ಲೆಕ್ಕ. ಇಲ್ಲಿ ನಾಲ್ಕು ತಿಂಗಳು ಹೊಡೆಯುವ ಮಳೆ, ಎಂಟು ತಿಂಗಳು ಹನಿಯಿಲ್ಲ. ಮಳೆಗಾಲದಲ್ಲಿ ಹೋಗಿ ಅಂದದ್ದು ಇದಕ್ಕೇ: ಆಗ ಈ ಇಡೀ ವ್ಯವಸ್ಥೆ ನಿಮ್ಮ ಕಣ್ಣೆದುರೇ ಕೆಲಸ ಮಾಡುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಅಡಿಕೆ ಮರದ ದೋಣಿ ಕಟ್ಟಿ ಸೂರಿನ ನೀರು ಹಿಡಿಯುತ್ತಾರಲ್ಲ, ಅದನ್ನೇ ಕಲ್ಲಲ್ಲಿ ಮಾಡಿದ್ದಾರೆ ಎಂದು ದೊಡ್ಡಪ್ಪ ಒಂದೇ ನೋಟಕ್ಕೆ ಹೇಳಿಬಿಟ್ಟರು. ಎರಡನೇ ಸಲ, ಬುಧವಾರ ಹೋಗಿದ್ದೆವು.

ಆಮೇಲೆ ಒಳಗೆ ಹೋಗಿ. ಸಣ್ಣ ಕೋಣೆ, ಗೋಡೆಗೆ ಅಂಟಿದ ಕಲ್ಲಿನ ಹಾಸಿಗೆ, ಬಾಗಿಲಿನ ಚೌಕಟ್ಟಿನಲ್ಲಿ ಮರದ ಕದ ಕೂರಿಸಿದ ತೂತುಗಳು. ಹೊರ ಜಗಲಿಯಲ್ಲಿ ಕೂರಲು ಕಟ್ಟೆ. ಆ ಕಟ್ಟೆಯ ಮೇಲೆ ಐದು ನಿಮಿಷ ಕೂತು ಎದುರಿನ ಹಳ್ಳವನ್ನು ನೋಡಿ, ಜಾಗ ಯಾಕೆ ಇದೇ ಆರಿಸಿದರು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಈಗ ದೊಡ್ಡ ಚೈತ್ಯಕ್ಕೆ (ಬೌದ್ಧರ ಪ್ರಾರ್ಥನೆಯ ಸಭಾಂಗಣ), ಅಂದರೆ 3ನೇ ಗುಹೆಗೆ ಬನ್ನಿ. ಸಾತವಾಹನ ಯಜ್ಞಶ್ರೀ ಸಾತಕರ್ಣಿಯ ಕಾಲದಲ್ಲಿ ಇಬ್ಬರು ವ್ಯಾಪಾರಿ ಅಣ್ಣತಮ್ಮಂದಿರು ಮಾಡಿಸಿದ್ದು. ಜಗಲಿಯ ಎರಡೂ ತುದಿಯಲ್ಲಿ ನಿಂತಿರುವ ಬುದ್ಧರು ಸುಮಾರು 7 ಮೀಟರ್ ಎತ್ತರ, ಅವು ಆಮೇಲೆ ಸೇರಿದ್ದು. ಒಳಗೆ ಮೂರ್ತಿ ಇಲ್ಲ, ಸ್ತೂಪ ಇದೆ. ಸುತ್ತು ಹಾಕುವುದಾದರೆ ಬಲಗಡೆಗೆ, ನಮ್ಮ ಗುಡಿಯ ಪ್ರದಕ್ಷಿಣೆಯ ಹಾಗೇ. ಪ್ರಾರ್ಥನೆಗೆ ಬಂದ ಬೌದ್ಧರು ಒಮ್ಮೊಮ್ಮೆ ಅಲ್ಲೇ ಕೂತಿರುತ್ತಾರೆ, ಅವರ ಎದುರು ಪ್ರತಿಧ್ವನಿ ಪರೀಕ್ಷೆ ಮಾಡಬೇಡಿ. ಚಪ್ಪಲಿ ಬಿಡಲೇಬೇಕೆಂಬ ನಿಯಮ ಇಲ್ಲ, ನಾನು ಸ್ತೂಪದ ಹತ್ತಿರ ಬಿಡುತ್ತೇನೆ.

11ನೇ ಗುಹೆಗೆ ದರ್ಬಾರ್ ಅಂತ ಹೆಸರು, ಆದರೆ ರಾಜನ ದರ್ಬಾರ್ ಅಲ್ಲ. ನೆಲದುದ್ದಕ್ಕೆ ಎರಡು ತಗ್ಗು ಕಲ್ಲಿನ ಸಾಲು. ನಮ್ಮ ಮದುವೆಮನೆಯ ಊಟದ ಪಂಕ್ತಿ ನೆನಪಾಗುತ್ತದೆ. ಭಿಕ್ಷುಗಳು ಸಾಲಾಗಿ ಕೂತು ಕಲಿಯಲೋ ಉಣ್ಣಲೋ ಮಾಡಿದ್ದಿರಬೇಕು. ಇದರ ಮುಂಭಾಗದಲ್ಲಿ ಶಕ 775ರ, ಅಂದರೆ ಒಂಬತ್ತನೇ ಶತಮಾನದ ಶಾಸನವಿದೆ. ಅದರಲ್ಲಿ ದೊರೆಯ ಹೆಸರು ಅಮೋಘವರ್ಷ. ಹೌದು, ನಮ್ಮ ನೃಪತುಂಗನೇ, ಮಾನ್ಯಖೇಟದ ರಾಷ್ಟ್ರಕೂಟ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಇದೇ ಬೆಟ್ಟದಲ್ಲಿ ಅವನ ಕಾಲದ ಇನ್ನೂ ಎರಡು ಶಾಸನಗಳಿವೆ. ಒಂದರಲ್ಲಿ ಬುದ್ಧನ ಪೂಜೆಗೆ, ಗುಹೆಯ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ ಮತ್ತು ಪುಸ್ತಕಕ್ಕೆ ಅಂತ ಬೇರೆ ಬೇರೆ ದುಡ್ಡು ಇಟ್ಟ ಲೆಕ್ಕ ಇದೆ. ಪುಸ್ತಕಕ್ಕೂ ಬಜೆಟ್!

ಕಾಲಲ್ಲಿ ಶಕ್ತಿ ಉಳಿದಿದ್ದರೆ 41ನೇ ಗುಹೆಯ ಹನ್ನೊಂದು ತಲೆಯ ಬೋಧಿಸತ್ವ ಅವಲೋಕಿತೇಶ್ವರ, ಆಮೇಲೆ 90ನೇ ಗುಹೆ. 90ರಲ್ಲಿ ಪಹ್ಲವಿ ಎಂಬ ಹಳೆಯ ಪರ್ಷಿಯಾದ ಲಿಪಿಯ ಬರಹಗಳಿವೆ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರಸಿಗಳು ತಮ್ಮ ಹೆಸರು ಬರೆಸಿ ಹೋಗಿದ್ದಾರೆ. ಪ್ರವಾಸಿಗಳೇ, ನಮ್ಮ ಹಾಗೆ! ಆದರೆ ನೀವು ಬರೆಯಬೇಡಿ.

ಎಲಿಫೆಂಟಾ: ದೋಣಿ, ಮಂಗ, ಮಹಾದೇವ

ಸ್ಥಳೀಯರು ಈ ದ್ವೀಪವನ್ನು ಕರೆಯುವುದು ಘಾರಾಪುರಿ ಎಂದು. ಗೇಟ್‌ವೇಯಿಂದ ದೋಣಿ, ಸುಮಾರು ಒಂದು ಗಂಟೆ ಪ್ರಯಾಣ. ಬೆಳಿಗ್ಗೆ ಒಂಬತ್ತರ ಸುಮಾರಿನ ಮೊದಲ ದೋಣಿಗೇ ಹತ್ತಿ, ಹನ್ನೊಂದರ ನಂತರ ಒಳಗೆ ಶಾಲಾ ಪ್ರವಾಸಗಳು ಬಂದು ತುಂಬುತ್ತವೆ. ಹೋಗಿ ಬರಲು ಒಂದೇ ಟಿಕೆಟ್, ಕಳಕೊಳ್ಳಬೇಡಿ. ಮೇಲಿನ ಡೆಕ್ಕಿಗೆ ಒಳಗೆ ಹತ್ತಿದ ಮೇಲೆ ಸ್ವಲ್ಪ ದುಡ್ಡು ಕೇಳುತ್ತಾರೆ, ಕೊಡಬಹುದು, ಗಾಳಿ ಚೆನ್ನಾಗಿರುತ್ತದೆ. ಜೆಟ್ಟಿಯಿಂದ ಪುಟ್ಟ ರೈಲು, ಆಮೇಲೆ ಸುಮಾರು 120 ಮೆಟ್ಟಿಲು, ಎರಡೂ ಬದಿ ಅಂಗಡಿ. ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಮಾತಾಡಿ. ಸಂಜೆ ಐದೂವರೆ ಸುಮಾರಿಗೆ ಕೊನೆಯ ದೋಣಿ, ಹತ್ತುವ ಮುಂಚೆ ದೋಣಿಯವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಮಂಗನ ವಿಷಯ. ದೊಡ್ಡಪ್ಪನ ಕವಳದ ಸಂಚಿಯನ್ನು ಒಂದು ಮಂಗ ಹಗಲುದರೋಡೆ ಮಾಡಿತು. ಮರದ ಮೇಲೆ ಕೂತು ಸಂಚಿ ಬಿಚ್ಚಿ, ಎಲೆ ತಿಂದು, ಅಡಿಕೆ ಕಚ್ಚಿ ನೋಡಿ, ಮುಖ ಹಿಂಡಿ, ಸುಣ್ಣದ ಡಬ್ಬಿಯನ್ನು ನಮ್ಮ ಕಡೆಗೇ ಎಸೆಯಿತು. ತಮ್ಮ ತೋಟದ ಅಡಿಕೆಗೆ ಆದ ಈ ಅವಮಾನವನ್ನು ಅವರು ಇನ್ನೂ ಮರೆತಿಲ್ಲ.

ಮುಖ್ಯ ಗುಹೆ ಆರನೇ ಶತಮಾನದ ಮಧ್ಯಭಾಗದ್ದು. ಯಾರು ಕಡೆಸಿದರು ಎಂದು ಹೇಳುವ ಶಾಸನ ಇಲ್ಲಿ ಇಲ್ಲ. ಕಲಚೂರಿ ವಂಶದ ಅರಸರು ಎಂದು ಹೆಚ್ಚಿನವರ ಅಭಿಪ್ರಾಯ. ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ, ಇಮ್ಮಡಿ ಪುಲಿಕೇಶಿ ಮದವೇರಿದ ಆನೆಗಳಂಥ ನೂರಾರು ಹಡಗುಗಳಿಂದ ಪಡುವಣ ಕಡಲಿನ ಸಿರಿಯಾಗಿದ್ದ ಪುರಿ ಎಂಬ ಊರನ್ನು ಮುತ್ತಿದ ಅಂತ ಇದೆ. ಆ ಪುರಿ ಇದೇ ಘಾರಾಪುರಿ ಅನ್ನುವ ವಿದ್ವಾಂಸರೂ ಇದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. ದೋಣಿಯಲ್ಲಿ ಕೂತು ನೆನೆಸಿಕೊಳ್ಳಲು ಮಾತ್ರ ಒಳ್ಳೆಯದು.

ಉತ್ತರದ ಬಾಗಿಲಿನಿಂದ ಒಳಗೆ ಬಂದು ಅಲ್ಲೇ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಲು ಎರಡು ಮೂರು ನಿಮಿಷ ಬೇಕು. ಬಲಕ್ಕೆ ನಟರಾಜ, ಎಡಕ್ಕೆ ಧ್ಯಾನದ ಶಿವ. ಒಬ್ಬ ಪೂರ್ತಿ ಚಲನೆ, ಒಬ್ಬ ಪೂರ್ತಿ ನಿಶ್ಚಲ. ಆಮೇಲೆ ನೇರ ಒಳಗೆ ಸದಾಶಿವನ ಕಡೆ ನಡೆಯಿರಿ, ಸುಮಾರು ಐದೂವರೆ ಮೀಟರ್ ಎತ್ತರದ ಮೂರು ಮುಖ. ನಿಮ್ಮ ಎಡಗಡೆಯದು ಮೀಸೆಯ, ಹಾವು ಹಿಡಿದ ಅಘೋರ. ಬಲಗಡೆಯದು ಕಮಲ ಹಿಡಿದ ಹೆಣ್ಣಿನ ಮುಖ. ನಡುವಿನದು ಕಣ್ಣು ಮುಚ್ಚಿ ಸುಮ್ಮನಿದೆ. ಒಂದೇ ಕಡೆ ನಿಂತು ನೋಡಬೇಡಿ. ಎಡದಿಂದ ಬಲಕ್ಕೆ ನಿಧಾನ ನಡೆಯಿರಿ, ಕೋಪ ಇಳಿದು ಶಾಂತವಾಗಿ ಕೋಮಲವಾಗುವುದು ಕಾಣುತ್ತದೆ. ಇದರ ಎಡಕ್ಕೆ ಅರ್ಧನಾರೀಶ್ವರ, ಬಲಕ್ಕೆ ಗಂಗಾಧರ. ಪಶ್ಚಿಮದ ಕಡೆ ನಾಲ್ಕು ಬಾಗಿಲಿನ ಲಿಂಗದ ಗುಡಿ, ಬಾಗಿಲಿಗೆ ಎರಡಾಳು ಎತ್ತರದ ದ್ವಾರಪಾಲಕರು.

ಬಾದಾಮಿ ನೋಡಿದವರು ಹೋಲಿಸದೆ ಬಿಡುವುದಿಲ್ಲ, ಬಾದಾಮಿಯ ಮೂರನೇ ಗುಹೆ 578ರದ್ದು, ಹೆಚ್ಚು ಕಮ್ಮಿ ಅಕ್ಕಪಕ್ಕದ ಕಾಲ. ಅಲ್ಲಿ ಕೆಂಪು ಮರಳುಗಲ್ಲು ಬಿಸಿಲಲ್ಲಿ ಹೊಳೆಯುತ್ತದೆ. ಇಲ್ಲಿನ ಕರಿಕಲ್ಲು ಬೆಳಕು ನುಂಗುತ್ತದೆ. ಕೈಕಾಲು ಮುರಿದ ಮೂರ್ತಿಗಳು ತುಂಬ ಇವೆ, ನೋವಾಗುತ್ತದೆ. ಪೋರ್ಚುಗೀಸರು ಈ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರಿಟ್ಟದ್ದು ಇಲ್ಲಿದ್ದ ಕಲ್ಲಿನ ಆನೆಯಿಂದ. ಆ ಆನೆ ಈಗ ಬೈಕುಲ್ಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಅಂಗಳದಲ್ಲಿದೆ.

ಅರ್ಧ ದಿನ ಮಾತ್ರ ಇದ್ದರೆ

ಡೊಂಬಿವಲಿ, ಕಲ್ಯಾಣ ಕಡೆಯವರಿಗೆ ಅಂಬರನಾಥ. ಸ್ಟೇಷನ್ನಿನಿಂದ ರಿಕ್ಷಾ. 1060ರ ಶಿಲಾಹಾರರ ಶಿವಗುಡಿ, ಪೂಜೆ ಈಗಲೂ ನಡೆಯುತ್ತದೆ. ಗರ್ಭಗುಡಿಗೆ ಹತ್ತುವುದಲ್ಲ, ಇಪ್ಪತ್ತರಷ್ಟು ಮೆಟ್ಟಿಲು ಇಳಿಯಬೇಕು. ಇಳಿಯುತ್ತಿದ್ದ ಹಾಗೆ ತಂಪು. ಹೊರಗೋಡೆಯನ್ನು ಬೆಳಗಿನ ಎಳೆ ಬಿಸಿಲಲ್ಲಿ ಒಂದು ಸುತ್ತು ನೋಡಿ. ಶಿವರಾತ್ರಿಯ ದಿನ ದರ್ಶನಕ್ಕೆ ಹೋಗಿ, ಶಿಲ್ಪ ನೋಡಲು ಆ ದಿನ ಬೇಡ.

ಪುಣೆಯವರಿಗೆ ಊರ ನಡುವೆಯೇ ಪಾತಾಳೇಶ್ವರ ಇದೆ, ಜಂಗ್ಲಿ ಮಹಾರಾಜ ರಸ್ತೆಯಲ್ಲಿ. ರಾಷ್ಟ್ರಕೂಟರ ಕಾಲದ್ದು. ದುಂಡನೆಯ ನಂದಿ ಮಂಟಪ ನೋಡುವಂಥದ್ದು. ರಸ್ತೆಯ ಹಾರ್ನ್ ಅಲ್ಲಿಗೆ ಅರ್ಧ ಮಾತ್ರ ಕೇಳುತ್ತದೆ.

ನಾಲಾಸೋಪಾರದಲ್ಲಿ ಸ್ತೂಪದ ಉಳಿಕೆ ಇದೆ. 1882ರಲ್ಲಿ ಪುರಾತತ್ವ ವಿದ್ವಾಂಸ ಭಗವಾನ್‌ಲಾಲ್ ಇಂದ್ರಜಿ ಅಗೆಸಿದ್ದು. ಮಸ್ಕಿಯ ಅಶೋಕನನ್ನು ಬಲ್ಲ ನಮಗೆ, ಅದೇ ಅಶೋಕನ ಶಾಸನದ ತುಂಡು ಇಲ್ಲೂ ಸಿಕ್ಕಿದೆ ಅನ್ನುವುದೇ ಆಕರ್ಷಣೆ. ನೋಡಲು ಉಳಿದದ್ದು ಕಮ್ಮಿ, ಮಕ್ಕಳಿಗೆ ಬೇಜಾರಾಗಬಹುದು.

ಕಾರ್ಲಾ ಮತ್ತು ಭಾಜಾ: ಇದಕ್ಕೆ ಪೂರ್ತಿ ದಿನ

ಒಂದು ದಿನಕ್ಕೆ ಒಂದು ಬೆಟ್ಟ ಅಂದೆನಲ್ಲ, ಇದೊಂದು ಅಪವಾದ. ಎರಡೂ ಒಂದೇ ಸ್ಟೇಷನ್ನಿನ ಎರಡು ಬದಿಗೆ ಇವೆ. ಸ್ಟೇಷನ್ ಮಳವ್ಲಿ. ಪುಣೆಯಿಂದ ಲೋನಾವಳಾ ಲೋಕಲ್ ಹಿಡಿದರೆ ನೇರ. ಮುಂಬೈಯವರು ಎಕ್ಸ್‌ಪ್ರೆಸ್ಸಿನಲ್ಲಿ ಲೋನಾವಳಾಕ್ಕೆ ಬಂದು ಪುಣೆ ಲೋಕಲ್ ಹಿಡಿದರೆ ಮುಂದಿನದೇ ಮಳವ್ಲಿ. ಮಧ್ಯಾಹ್ನ ಲೋಕಲ್ ಕಮ್ಮಿ, ಸಮಯ ನೋಡಿಕೊಂಡೇ ಹೊರಡಿ.

ಎರಡೂ ಪಶ್ಚಿಮಕ್ಕೆ ಮುಖ ಮಾಡಿವೆ, ಹಾಗಾಗಿ ಬೆಳಕು ಒಳಗೆ ಹೋಗುವುದು ಮಧ್ಯಾಹ್ನ ಮೂರರ ಮೇಲೆ. ಆದರೆ ಕಾರ್ಲಾದ ಚೈತ್ಯದ ಮುಂದೆಯೇ ಏಕವೀರಾ ದೇವಿಯ ಗುಡಿ, ಕೋಳಿ (ಮೀನುಗಾರರು) ಮತ್ತು ಆಗ್ರಿ ಸಮುದಾಯದವರ ಕುಲದೇವತೆ, ಭಾನುವಾರ ಮತ್ತು ನವರಾತ್ರಿಯಲ್ಲಿ ಆ ಸುಮಾರು 350 ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ನನ್ನ ಲೆಕ್ಕ: ವಾರದ ದಿನವಾದರೆ ಬೆಳಿಗ್ಗೆ ಭಾಜಾ, ಸಂಜೆ ಕಾರ್ಲಾ. ಭಾನುವಾರವೇ ಗತಿ ಅಂದರೆ ಉಲ್ಟಾ ಮಾಡಿ, ಬೆಳಿಗ್ಗೆ ಬೇಗ ಕಾರ್ಲಾ ಮುಗಿಸಿ.

ಭಾಜಾದಲ್ಲಿ 22 ಗುಹೆ, ಕ್ರಿಸ್ತಪೂರ್ವ ಎರಡನೇ ಶತಮಾನದಿಂದ ಶುರು. ಚೈತ್ಯದ ಕಂಬಗಳನ್ನು ಗಮನಿಸಿ, ನೇರ ಇಲ್ಲ, ಒಳಕ್ಕೆ ವಾಲಿವೆ. ಮರದ ಕಟ್ಟಡದಲ್ಲಿ ಮಾಡಿನ ಭಾರ ತಡೆಯಲು ಕಂಬ ಹಾಗೆ ವಾಲಿಸುತ್ತಿದ್ದರು. ಕಲ್ಲಿಗೆ ಅದರ ಅಗತ್ಯವೇ ಇಲ್ಲ. ಬಡಗಿಯ ಅಭ್ಯಾಸ ಕಲ್ಲುಕುಟಿಗನ ಕೈಗೆ ಬಂದುಬಿಟ್ಟಿದೆ. ಸ್ವಲ್ಪ ಮುಂದೆ ಹೋದರೆ ಹದಿನಾಲ್ಕು ಸ್ತೂಪಗಳ ಗುಂಪು. ಇನ್ನೂ ಮುಂದಿನ ಗುಹೆಯಲ್ಲಿ ರಥದ ಸೂರ್ಯ, ಆನೆಯ ಇಂದ್ರ ಎನ್ನುವ ಎರಡು ಕೆತ್ತನೆ, ಜೊತೆಗೆ ತಬಲಾದಂಥ ವಾದ್ಯ ನುಡಿಸುವ ಹೆಂಗಸು. ಮಳೆಯಲ್ಲಿ ಪಕ್ಕದಲ್ಲೇ ಜಲಪಾತ. ಅದಕ್ಕೆ ಬರುವವರೇ ಜಾಸ್ತಿ, ಗುಹೆ ಖಾಲಿ ಸಿಗುತ್ತದೆ.

ಕಾರ್ಲಾದ ಚೈತ್ಯ ನಮ್ಮ ದೇಶದ ಕಲ್ಲಿನ ಚೈತ್ಯಗಳಲ್ಲೆಲ್ಲ ದೊಡ್ಡದು. ಒಳಗೆ ಬಂದು ಕತ್ತು ಮೇಲೆತ್ತಿ. ಚಾವಣಿಯ ಕಮಾನಿಗೆ ಬಿಗಿದ ಪಕ್ಕೆಲುಬುಗಳು ಮರದ್ದು, ಆಗಿನ ಕಾಲದ್ದೇ, ಎರಡು ಸಾವಿರ ವರ್ಷದ ಮರ. ಸ್ತೂಪದ ಮೇಲಿನ ಕೊಡೆಯೂ ಮರದ್ದೇ. ಒಟ್ಟು 37 ಕಂಬ. ಎರಡೂ ಬದಿಯ ಕಂಬಗಳ ತಲೆಯ ಮೇಲೆ ಆನೆ ಏರಿದ ಜೋಡಿಗಳು, ಸ್ತೂಪದ ಹಿಂದಿನ ಏಳು ಮಾತ್ರ ಬೋಳು.

ಕಂಬಗಳ ಮೇಲೆ ಟಾರ್ಚ್ ಅಡ್ಡಕ್ಕೆ ಹಿಡಿಯಿರಿ. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ಎರಡು ಮೂರು ಅಕ್ಷರ ಕಲಿತು ಹೋದರೆ ಮಜಾ ಬೇರೆ: ಕೂಡಿಸುವ ಚಿಹ್ನೆಯಂತಿದ್ದರೆ ಕ, ಮನೆಯ ಮಾಡಿನಂತಿದ್ದರೆ ಗ, ದುಂಡು ಸೊನ್ನೆಯಾದರೆ ಠ. ನಮ್ಮ ಗ ಇನ್ನೂ ಆ ಮಾಡನ್ನು ಬಿಟ್ಟಿಲ್ಲ, ನಮ್ಮ ಠ ಇನ್ನೂ ದುಂಡಗೇ ಇದೆ. ಹೆಚ್ಚಿನ ಸಾಲು ಮುಗಿಯುವುದು ದಾನಂ ಎಂದು. ಇಂಥ ಊರಿನ ಇಂಥವರು ಕೊಟ್ಟ ಕಂಬ, ಅಷ್ಟೇ. ಕೊಟ್ಟವರಲ್ಲಿ ಧೇನುಕಾಕಟ ಎಂಬ ಊರಿನ ಯವನರೂ (ಗ್ರೀಕರು ಎನ್ನಲಾದವರು) ಇದ್ದಾರೆ.

ಒಳಗಿನದನ್ನು ಮುಗಿಸಿ ಜಗಲಿಗೆ ಬಂದು ಎಡತುದಿಯ ಗೋಡೆ ಹುಡುಕಿ. ವೇಜಯಂತಿಯ ಸೇಠಿ, ಅಂದರೆ ವ್ಯಾಪಾರಿ, ಭೂತಪಾಲ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಅಂತ ಅಲ್ಲಿದೆ. ವೇಜಯಂತಿ ಅಂದರೆ ವೈಜಯಂತಿ, ನಮ್ಮ ಬನವಾಸಿ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ.

ದೊಡ್ಡಪ್ಪನ ಮನೆಯಿಂದ ಬನವಾಸಿಗೆ ಬಸ್ಸಿನಲ್ಲಿ ಒಂದು ಗಂಟೆ. ಅವರು ಗೋಡೆ ಮುಟ್ಟಲಿಲ್ಲ, ಗೇಣು ದೂರದಲ್ಲಿ ಗಾಳಿಯಲ್ಲೇ ಬೆರಳಾಡಿಸಿ ಸೇಠಿಯ ಠ ಹುಡುಕಿದರು. ಸಿಕ್ಕಿತು. ನಾಲ್ಕೂವರೆಯ ಬಿಸಿಲು ಜಗಲಿಯೊಳಗೆ ಬಂದಿತ್ತು. ಇಳಿಯುವಾಗ ಕೇಳಿದ್ದು ಒಂದೇ ಪ್ರಶ್ನೆ, "ಬನವಾಸಿಯಿಂದ ಇಲ್ಲಿಗೆ ಎತ್ತಿನ ಗಾಡಿಲಿ ಎಷ್ಟು ದಿನ ಆಗ್ತು ಮಾಣಿ?" ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಅಂತ ಬೆರಳು ಮಡಚುತ್ತಾ ಹೋದರು. ಮಳವ್ಲಿಯ ಪ್ಲಾಟ್‌ಫಾರಮ್ಮಿಗೆ ಲೋಕಲ್ ಬಂದಾಗ ಅವರು ಇನ್ನೂ ಸಾತಾರಾ ದಾಟಿರಲಿಲ್ಲ.